ಬಿಸಿಯೂಟದ ಕೋಣೆಯಲ್ಲಿ ರಸಾಯನಶಾಸ್ತ್ರ

(ಸುವರ್ಣ ಮಹೋತ್ಸವದ ಎರಡನೆಯ ದಿನ ಬೆಳಗಿನ ಗೋಷ್ಠಿಯಲ್ಲಿ ಶಾಲೆಯ ನಿವೃತ್ತ ವಿಜ್ಞಾನ ಶಿಕ್ಷಕರು ಮಾಡಿದ ಭಾಷಣದ ಬರಹರೂಪ)



ನನಗೆ ಕೊಟ್ಟಿರುವ ವಿಷಯ ‘ಗ್ರಾಮೀಣ ಶಾಲೆಯಲ್ಲಿ ವಿಜ್ಞಾನ ಬೋಧನೆ’. ಇಪ್ಪತ್ತು ನಿಮಿಷದಲ್ಲಿ ಅಷ್ಟೆಲ್ಲ ಹೇಳಲಾಗುವುದಿಲ್ಲ. ಅದರಲ್ಲಿ ಒಂದು ಮೂಲೆಯನ್ನು ಮಾತ್ರ ಹಿಡಿಯುತ್ತೇನೆ. ಆ ಮೂಲೆ ನಮ್ಮ ಶಾಲೆಯ ಹಿತ್ತಲಲ್ಲೇ ಇದೆ. ತಾವೆಲ್ಲ ಈಗ ಒಗ್ಗರಣೆಯ ವಾಸನೆ ಕುಡಿಯುತ್ತಿದ್ದೀರಲ್ಲ, ಅದೇ ಕೋಣೆ.

2002ರಲ್ಲಿ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಮೊದಲಾದ ಅಕ್ಷರ ದಾಸೋಹ ಕೆಲವೇ ವರ್ಷಗಳಲ್ಲಿ ನಮ್ಮ ಕಡೆಗೂ, ಪ್ರಾಥಮಿಕ ಶಾಲೆ ದಾಟಿ ಹೈಸ್ಕೂಲಿಗೂ ಬಂತು. ನಮ್ಮ ಕಾಂಪೌಂಡಿನಲ್ಲಿ ಎರಡೂ ಶಾಲೆಗಳಿಗೆ ಒಂದೇ ಅಡುಗೆಮನೆ. ಅದೇ ಹೊತ್ತಿಗೆ ನಮ್ಮ ಪ್ರಯೋಗಾಲಯ ಹೇಗಿತ್ತು ಎಂಬುದು ಹಳೆಯ ವಿದ್ಯಾರ್ಥಿಗಳಿಗೆ ಗೊತ್ತು: ಒಂದು ಗೋದ್ರೆಜ್ ಬೀರು, ಅದರಲ್ಲಿ ಲೇಬಲ್ ಉದುರಿದ ಸೀಸೆಗಳು, ಮುರಿದ ಬ್ಯೂರೆಟ್, ಒಂದು ಅಸ್ಥಿಪಂಜರದ ಚಿತ್ರ. ನೀರಿನ ನಲ್ಲಿ ಇಲ್ಲ. ಬರ್ನರ್ ಇದೆ, ಅದಕ್ಕೆ ಗ್ಯಾಸ್ ಇಲ್ಲ. ಇಪ್ಪತ್ತು ಹೆಜ್ಜೆ ಆಚೆ ಅಡುಗೆಮನೆಯಲ್ಲಿ ಬೆಂಕಿ, ನೀರು, ಪಾತ್ರೆ, ಹುಳಿ, ಉಪ್ಪು, ಸೋಡಾ, ಎಣ್ಣೆ, ಅಳತೆಯ ಪಾವು, ತಕ್ಕಡಿ ಎಲ್ಲ ಇದ್ದವು. ಜೊತೆಗೆ ಅವನ್ನೆಲ್ಲ ಬಳಸಲು ಬಲ್ಲ ಒಬ್ಬರಿದ್ದರು. ಮಕ್ಕಳೆಲ್ಲ ಅವರನ್ನು ದೊಡ್ಡಮ್ಮ ಎನ್ನುತ್ತಿದ್ದರು. ಅವರ ಹೆಸರು ಈ ಸಮಾರಂಭದ ಆಹ್ವಾನಪತ್ರಿಕೆಯಲ್ಲಿ ಇಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ನಾನು ಏಳನೆಯ ಮತ್ತು ಎಂಟನೆಯ ತರಗತಿಯವರನ್ನು ವಾರಕ್ಕೊಂದು ದಿನ, ಬಿಸಿಯೂಟ ಮುಗಿದ ಮೇಲೆ, ಆ ಕೋಣೆಗೆ ಕರೆದುಕೊಂಡು ಹೋಗುತ್ತಿದ್ದೆ. ಇದೇನೂ ನಾನು ಕಂಡುಹಿಡಿದ ದಾರಿಯಲ್ಲ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ 1972ರಿಂದಲೇ ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಪ್ರಯೋಗ ಮಾಡಿಸಿ ವಿಜ್ಞಾನ ಕಲಿಸುವ ಕೆಲಸ 30 ವರ್ಷ ನಡೆದಿತ್ತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೂ ಶಾಲೆಯ ಕಲಿಕೆಯನ್ನು ಹೊರಗಿನ ಬದುಕಿಗೆ ಜೋಡಿಸಿ ಎಂದಿತು. ನಾನು ಮಾಡಿದ್ದು ಇಷ್ಟೇ, ಆ ಮಾತನ್ನು ಅಕ್ಷರಶಃ ತೆಗೆದುಕೊಂಡು ಹಿತ್ತಲಿಗೆ ನಡೆದೆ.

ಮೊದಲ ಪಾಠ ಅರಿಶಿನದ್ದು. ಪಠ್ಯದಲ್ಲಿ ‘ಸೂಚಕಗಳು’ ಎಂಬ ಮಾತು ಬರುತ್ತದೆ. ಈಗಿನ ವಿಡಿಯೋಗಳಲ್ಲಿ ಕೆಂಪು ಎಲೆಕೋಸಿನಿಂದ ತೋರಿಸುತ್ತಾರೆ. ನಮ್ಮ ಸಂತೆಗೆ ಅದು ಎಂದೂ ಬಂದಿದ್ದಿಲ್ಲ. ಆದರೆ ಆರತಿ ನೀರು ಮಾಡದ ಮನೆ ಯಾವುದಿದೆ? ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುತ್ತದೆ. ಹೆಣ್ಣುಮಕ್ಕಳಿಗೆ ಇದು ಗೊತ್ತಿತ್ತು, ಗಂಡುಹುಡುಗರು ಅದರಲ್ಲಿ ಕುಂಕುಮ ಕಲಸುತ್ತಾರೆ ಅಂದುಕೊಂಡಿದ್ದರು. ಕೆಂಪಾದ ನೀರಿಗೆ ನಿಂಬೆಹುಳಿ ಹಿಂಡಿದಾಗ ಮತ್ತೆ ಹಳದಿಯಾಯಿತು. ಇದು ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಆರತಿ ನೀರಿಗೆ ನಿಂಬೆಹಣ್ಣು ಹಿಂಡುವವರು ಯಾರು? ಮತ್ತೆ ಸುಣ್ಣ, ಮತ್ತೆ ಕೆಂಪು. ಮತ್ತೆ ಹುಳಿ, ಮತ್ತೆ ಹಳದಿ. ಒಂದು ಹುಡುಗಿ ಎದ್ದು ಹೇಳಿದಳು, “ಅದಕ್ಕೇ ಸಾರ್, ಯೂನಿಫಾರಂ ಮೇಲೆ ಸಾರು ಚೆಲ್ಲಿದ್ರೆ ಸೋಪು ಹಚ್ಚಿದ ತಕ್ಷಣ ಕೆಂಪಗಾಗಿ ಅಮ್ಮ ನನಗೇ ಬಯ್ಯೋದು!” ಆಮ್ಲ, ಪ್ರತ್ಯಾಮ್ಲ, ತಟಸ್ಥೀಕರಣ ಎಂಬ ಮೂರು ಪದಗಳನ್ನು ಬೋರ್ಡಿನ ಮೇಲೆ ಬರೆದದ್ದು ಅದಾದ ಮೇಲೆ. ನನ್ನ ಅನುಭವ ಹೇಳುವುದಾದರೆ, ಪದ ಆಮೇಲೆ ಬರಬೇಕು. ಪದ ಮೊದಲು ಬಂದರೆ ಮಗು ಅದನ್ನು ಬಾಯಿಪಾಠ ಮಾಡಿ ಅಲ್ಲಿಗೇ ಬಿಡುತ್ತದೆ.

ಸುಣ್ಣದ ತಿಳಿಯನ್ನೇ ಇನ್ನೊಂದು ದಿನ ಬಳಸಿದೆವು. ಎಲೆಅಡಿಕೆ ಡಬ್ಬಿಯ ಸುಣ್ಣವನ್ನು ನೀರಲ್ಲಿ ಕದಡಿ ರಾತ್ರಿಯಿಡೀ ಬಿಟ್ಟರೆ ಮೇಲೆ ತಿಳಿ ನಿಲ್ಲುತ್ತದೆ. ಗಾಜಿನ ನಳಿಗೆ ಬದಲು ಪಪ್ಪಾಯಿ ಎಲೆಯ ದಂಟು. ಊದಿದರೆ ತಿಳಿ ಹಾಲಿನಂತಾಯಿತು. ಹುಣಸೆ ನೀರಿಗೆ ಅಡುಗೆ ಸೋಡಾ ಹಾಕಿ ಎದ್ದ ಗಾಳಿಯನ್ನು ಅದೇ ದಂಟಿನಲ್ಲಿ ಹಾಯಿಸಿದರೂ ಹಾಲಿನಂತಾಯಿತು. ನಮ್ಮ ಉಸಿರಿನಲ್ಲಿ ಇರುವುದೂ ಇಡ್ಲಿ ಉಬ್ಬಿಸುವುದೂ ಒಂದೇ ಅನಿಲ ಎಂದಾಗ ಹಿಂದಿನ ಸಾಲಿನಿಂದ ಬಂದ ಪ್ರಶ್ನೆ: “ಹಂಗಾದ್ರೆ ಸಾರ್, ಹಿಟ್ಟಿಗೆ ಊದಿದ್ರೆ ಇಡ್ಲಿ ಉಬ್ಬುತ್ತಾ?” ನಕ್ಕು ಬಿಡಬಹುದಾದ ಪ್ರಶ್ನೆ ಅಲ್ಲ. ಗಾಳಿ ಹಿಟ್ಟಿನ ಒಳಗೇ, ಎಲ್ಲ ಕಡೆ, ಸಣ್ಣಸಣ್ಣದಾಗಿ ಹುಟ್ಟಬೇಕು. ಆ ಕೆಲಸವನ್ನು ರಾತ್ರಿಯಿಡೀ ಸೂಕ್ಷ್ಮಜೀವಿಗಳು ಮಾಡುತ್ತವೆ. ಈ ಉತ್ತರಕ್ಕೆ ಎರಡು ವಾರ ಹಿಡಿಯಿತು.

ಇನ್ನು ಥರ್ಮಾಮೀಟರ್ ಕತೆ. ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ ಎಂದು ಪುಸ್ತಕ ಹೇಳುತ್ತದೆ. ಬೋಸಿಯಲ್ಲಿ ನೀರು ಕೊತಕೊತ ಕುದಿಯುತ್ತಿದೆ, ಪಾದರಸ 98ರ ಹತ್ತಿರ ನಿಂತುಬಿಟ್ಟಿದೆ. “ಸರ್ಕಾರದ ಥರ್ಮಾಮೀಟರ್ ಸಾರ್” ಎಂದ ಒಬ್ಬ. ಅದು ಸರಿಯಾಗಿಯೇ ಇತ್ತು. ನಮ್ಮ ಬಯಲು ಸಮುದ್ರಮಟ್ಟದಿಂದ ಅಷ್ಟು ಮೇಲಿದೆ. ಬೆಂಗಳೂರು 900 ಮೀಟರಿಗೂ ಎತ್ತರದಲ್ಲಿದೆ, ಅಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕುಕ್ಕರಿನ ಒಳಗೆ ಒತ್ತಡ ಹೆಚ್ಚಿ ಸುಮಾರು 120 ಡಿಗ್ರಿವರೆಗೆ ಏರುವುದರಿಂದಲೇ ಕಾಳು ಬೇಗ ಬೇಯುವುದು. ಪುಸ್ತಕದ ಸಂಖ್ಯೆಯನ್ನು ನಂಬುವುದೂ ಬೇಕು, ಅದು ಎಲ್ಲಿಯ ಸಂಖ್ಯೆ ಎಂದು ಕೇಳುವುದೂ ಬೇಕು.

ಈಗ ನಾನು ಹೇಳಲೇಬೇಕೆಂದು ಬಂದ ವಿಷಯ. ಬೇಳೆ.

ದೊಡ್ಡಮ್ಮ ಒಂದು ದಿನ ಬೇಸರದಲ್ಲಿ ಹೇಳಿದರು, “ಮೇಷ್ಟ್ರೇ, ಹೊಸ ಬೋರ್‌ವೆಲ್ ನೀರು ಬಂದಾಗಿಂದ ಬೇಳೆ ಬೇಯಂಗಿಲ್ಲ. ಸಿಲಿಂಡರ್ ಹದಿನೈದು ದಿನ ಬರೋದು ಹತ್ತೇ ದಿನಕ್ಕೆ ಖಾಲಿ.” ನಾನು ಅದನ್ನೇ ಎಂಟನೆಯ ತರಗತಿಗೆ ಪಾಠವಾಗಿ ಕೊಟ್ಟೆ. ಮೂರು ಒಂದೇ ಅಳತೆಯ ಪಾತ್ರೆ. ಮೂರಕ್ಕೂ ಒಂದೊಂದು ಹಿಡಿ ತೊಗರಿಬೇಳೆ, ತಕ್ಕಡಿಯಲ್ಲಿ ತೂಗಿದ್ದು. ಒಂದಕ್ಕೆ ಹಿಂದಿನ ವಾರ ಹಿಡಿದಿಟ್ಟ ಮಳೆನೀರು, ಒಂದಕ್ಕೆ ಬೋರ್‌ವೆಲ್ ನೀರು, ಇನ್ನೊಂದಕ್ಕೆ ಬೋರ್‌ವೆಲ್ ನೀರಿನ ಜೊತೆ ಚಿಟಿಕೆ ಸೋಡಾ. ಒಂದೇ ಒಲೆ, ಒಂದಾದ ಮೇಲೊಂದು, ಅಷ್ಟೇ ಉರಿ. ಮಳೆನೀರಿನದು ಹಿಸುಕಿದರೆ ಕರಗುವಂತೆ ಬೆಂದಿತು. ಬೋರ್‌ವೆಲ್ ನೀರಿನದು ಅಷ್ಟೇ ಹೊತ್ತಿಗೆ ಇಳಿಸಿದಾಗ ಕಾಳುಕಾಳಾಗಿಯೇ ಇತ್ತು. ಸೋಡಾ ಹಾಕಿದ್ದು ಬೆಂದಿತ್ತು, ಆದರೆ ಬಣ್ಣ ಮಂಕಾಗಿತ್ತು.

ಕಾರಣ ಇದು. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಬೇಳೆಯ ಕಣಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಗಾರೆಯಂಥ ವಸ್ತು ಪೆಕ್ಟಿನ್. ಬೇಯುವುದು ಎಂದರೆ ಬಹುಮಟ್ಟಿಗೆ ಆ ಗಾರೆ ಕರಗುವುದು. ಕ್ಯಾಲ್ಸಿಯಂ ಹೋಗಿ ಅದನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಹುಳಿಯೂ ಆ ಗಾರೆಯನ್ನು ಕರಗಲು ಬಿಡುವುದಿಲ್ಲ. ಅದಕ್ಕೇ ನಮ್ಮ ಅಜ್ಜಿಯರು ಬೇಳೆ ಬೇಯುವ ತನಕ ಹುಣಸೆಹಣ್ಣು ಮುಟ್ಟಬೇಡ ಎನ್ನುತ್ತಿದ್ದುದು. ಸೋಡಾ ಕ್ಷಾರ, ಅದು ಗಾರೆಯನ್ನು ಬೇಗ ಸಡಿಲಿಸುತ್ತದೆ. ಆದರೆ ಬೇಳೆಯಲ್ಲಿರುವ ಬಿ-1 ಜೀವಸತ್ವವನ್ನೂ ಹಾಳುಮಾಡುತ್ತದೆ. ಆದ್ದರಿಂದ ಮಕ್ಕಳ ಊಟಕ್ಕೆ ಸೋಡಾ ಬೇಡ ಎಂದು ಮಕ್ಕಳೇ ತೀರ್ಮಾನಿಸಿದರು. ಅವರ ತೀರ್ಮಾನವನ್ನು ದೊಡ್ಡಮ್ಮ ಒಪ್ಪಿದರು, ಬೇಳೆಯನ್ನು ಹಿಂದಿನ ರಾತ್ರಿಯೇ ನೆನೆಹಾಕಲು ಶುರುಮಾಡಿದರು.

ಪಾಠ ಅಲ್ಲಿಗೆ ನಿಲ್ಲಲಿಲ್ಲ. ನೀರು ಕಾಯಿಸುವ ಹಂಡೆಯ ತಳದಲ್ಲಿ ಕೂತ ಬಿಳಿ ಪೊರೆಯನ್ನು ಕೆರೆದು ತಂದು ನಿಂಬೆರಸ ಹಾಕಿದರು, ನೊರೆ ಎದ್ದಿತು. ಅದೂ ಸುಣ್ಣದ ಜಾತಿಯದೇ ಎಂದು ತಿಳಿಯಿತು. ಕುದಿಸಿದರೆ ಗಡಸುತನದ ಒಂದು ಭಾಗ ಹೀಗೆ ತಳಕ್ಕೆ ಇಳಿಯುತ್ತದೆ. ಆಗ ಒಬ್ಬ ಹುಡುಗಿ ಕೇಳಿದಳು. ಅವಳ ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆಗಳಿದ್ದವು, ಮಾತನಾಡುವಾಗ ಕೈ ಅಡ್ಡ ಹಿಡಿಯುತ್ತಿದ್ದಳು. “ಸಾರ್, ಹಂಗಾದ್ರೆ ಫ್ಲೋರೈಡೂ ಕುದಿಸಿದ್ರೆ ಹೋಗುತ್ತಲ್ವಾ? ನಮ್ಮನೇಲಿ ಕುದಿಸೇ ಕುಡಿಯೋದು.”

ಹೋಗುವುದಿಲ್ಲ. ಕುದಿಸಿದಷ್ಟೂ ನೀರು ಆವಿಯಾಗುತ್ತದೆ, ಫ್ಲೋರೈಡ್ ಹಿಂದೆ ಉಳಿಯುತ್ತದೆ, ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚೇ ಆಗುತ್ತದೆ. ಇದನ್ನು ಉಪ್ಪು ನೀರಿನಿಂದ ತೋರಿಸಿದೆ. ಒಂದು ಲೋಟ ಉಪ್ಪು ನೀರನ್ನು ಅರ್ಧಕ್ಕೆ ಬತ್ತಿಸಿ, ಅಡುಗೆಯ ಪಾತ್ರೆಯಲ್ಲಿಯೇ, ನಾಲಿಗೆಗೆ ಒಂದೊಂದು ಹನಿ. ಹೆಚ್ಚು ಉಪ್ಪಾಗಿದೆ ಎಂದು ಎಲ್ಲರೂ ಹೇಳಿದರು. ನಾಲಿಗೆಗೆ ಗೊತ್ತಾದದ್ದನ್ನು ಮತ್ತೆ ವಿವರಿಸಬೇಕಾಗಲಿಲ್ಲ. ತುಮಕೂರು, ಚಿತ್ರದುರ್ಗ, ಕೋಲಾರ, ಚಿಕ್ಕಬಳ್ಳಾಪುರದ ಬಯಲಿನಲ್ಲಿ ಆಳದ ನೀರಿನ ಫ್ಲೋರೈಡ್ ತೊಂದರೆ ಹೊಸದಲ್ಲ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬುದು ಮಿತಿ. ನಾವು ಬಾಟಲಿ ತುಂಬಿ ಜಿಲ್ಲಾ ಪ್ರಯೋಗಾಲಯಕ್ಕೆ ಕಳಿಸಿದೆವು, ಮಿತಿಗಿಂತ ಹೆಚ್ಚು ಎಂದು ವರದಿ ಬಂತು. ಆ ಹುಡುಗಿಯ ಹಲ್ಲಿನ ಗೆರೆಗೆ ಅವಳು ಹಲ್ಲುಜ್ಜದಿರುವುದು ಕಾರಣವಲ್ಲ ಎಂಬುದು ಅವತ್ತು ಅವಳ ಇಡೀ ತರಗತಿಗೆ ತಿಳಿಯಿತು. ಅದೊಂದಕ್ಕೇ ಆ ವರ್ಷದ ಪಾಠ ಸಾರ್ಥಕ ಎಂದು ನನಗೆ ಅನ್ನಿಸಿದೆ.

ಆಮೇಲೆ ಊರಿಗೆ ಶುದ್ಧ ನೀರಿನ ಘಟಕ ಬಂತು. ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುತ್ತೀರಿ. ಆದರೆ ಮಕ್ಕಳು ಒಂದು ಲೆಕ್ಕ ಮಾಡಿದರು. ಕುಡಿಯಲು ಕ್ಯಾನ್ ನೀರು, ಅಡುಗೆಗೆ ಬೋರ್‌ವೆಲ್ ನೀರು. ಒಂದು ಪಾವು ರಾಗಿಹಿಟ್ಟಿಗೆ ಎರಡು ಪಾವು ನೀರು ಇಟ್ಟರೆ ಆ ನೀರು ಎಲ್ಲಿ ಹೋಗುತ್ತದೆ? ಸ್ವಲ್ಪ ಆವಿ, ಉಳಿದದ್ದು ಮುದ್ದೆಯ ಒಳಗೆ. ಸಾರಿನದೂ ಹಾಗೇ, ಅನ್ನದ್ದೂ ಹಾಗೇ. ಕುಡಿಯುವುದನ್ನು ನಿಲ್ಲಿಸಿ ತಿನ್ನುತ್ತಿದ್ದೇವೆ ಎಂದು ಅವರು ಮನೆಯಲ್ಲಿ ಹೇಳಿದರು. ಕೆಲವು ಮನೆಗಳಲ್ಲಿ ಅಡುಗೆಗೂ ಕ್ಯಾನ್ ನೀರು ತರಲು ಶುರುವಾಯಿತು. ಎಲ್ಲ ಮನೆಗಳಲ್ಲಿ ಅಲ್ಲ. ಆ ಕ್ಯಾನನ್ನು ಸೊಂಟದ ಮೇಲೆ ಹೊತ್ತು ತರುವವರು ಯಾರು ಎಂಬುದು ಇಲ್ಲಿ ಕೂತಿರುವ ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ. ವಿಜ್ಞಾನ ಗೊತ್ತಾದ ಮಾತ್ರಕ್ಕೆ ಇಪ್ಪತ್ತು ಲೀಟರ್ ಹಗುರಾಗುವುದಿಲ್ಲ.

ಕಬ್ಬಿಣದ ಮಾತ್ರೆಯ ಬಗ್ಗೆಯೂ ಎರಡು ಮಾತು. ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತಾರೆ, ರಕ್ತಹೀನತೆಗೆ. ಎಷ್ಟೋ ಮಾತ್ರೆಗಳು ಬೇಲಿಯಾಚೆ ಹೋಗುತ್ತಿದ್ದುದು ನನಗೂ ಗೊತ್ತಿತ್ತು. ಒಂದು ಮಾತ್ರೆ ಕುಟ್ಟಿ ಪುಡಿ ಮಾಡಿ ಟೀ ಡಿಕಾಕ್ಷನ್ನಿಗೆ ಹಾಕಿದೆವು. ನೋಡನೋಡುತ್ತ ಅದು ಶಾಯಿಯಂತೆ ಕಪ್ಪಾಯಿತು. ಶಾಯಿಯೇ ಅದು, ಹಿಂದಿನವರು ಅಳಲೆಕಾಯಿಯ ಒಗರಿಗೆ ಅನ್ನಭೇದಿ ಸೇರಿಸಿ ಶಾಯಿ ಮಾಡುತ್ತಿದ್ದುದೂ ಇದೇ ಕ್ರಿಯೆಯಿಂದ. ಹೀಗೆ ಒಗರಿನ ಜೊತೆ ಕೂಡಿಕೊಂಡ ಕಬ್ಬಿಣ ಮೈಗೆ ಸುಲಭವಾಗಿ ದಕ್ಕುವುದಿಲ್ಲ. ಇನ್ನೊಂದು ಲೋಟದಲ್ಲಿ ನಿಂಬೆರಸಕ್ಕೆ ಹಾಕಿದ್ದು ಕಪ್ಪಾಗಲಿಲ್ಲ. ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿ, ಊಟದ ಜೊತೆಗೇ ಟೀ ಬೇಡ ಎಂಬುದಕ್ಕೆ ನಾನು ಬೇರೆ ಭಾಷಣ ಮಾಡಲಿಲ್ಲ.

ಊರಿಗೆ ಕಲಾಯಿಯವರು ಬಂದ ದಿನ ತರಗತಿಯನ್ನೇ ಅರಳಿಕಟ್ಟೆಗೆ ಒಯ್ದಿದ್ದೆ. ಕಾದ ಹಿತ್ತಾಳೆಗೆ ನವಸಾಗರ ಉಜ್ಜಿದಾಗ ಎದ್ದ ಬಿಳಿ ಹೊಗೆ, 232 ಡಿಗ್ರಿಗೇ ಕರಗಿ ಹತ್ತಿಯ ಹಿಂದೆ ಬೆಳ್ಳಿಯಂತೆ ಓಡುವ ತವರ. ಹುಳಿಯನ್ನು ಬರಿ ಹಿತ್ತಾಳೆಯಲ್ಲಿ ಇಟ್ಟರೆ ಕಿಲುಬುವುದೇಕೆ ಎಂಬ ಪ್ರಶ್ನೆಗೆ ಆ ಹಿರಿಯರು ಕೊಟ್ಟ ಉತ್ತರಕ್ಕೆ ನಾನು ಸೇರಿಸಿದ್ದು ಒಂದೆರಡು ಧಾತುಗಳ ಹೆಸರು ಮಾತ್ರ. ಈಗ ಅವರು ಬರುವುದಿಲ್ಲ, ಎಲ್ಲ ಸ್ಟೀಲ್.

ಊರಿನವರ ವಿರೋಧ ಇರಲಿಲ್ಲವೇ ಎಂದರೆ, ಇತ್ತು. ಮೊದಲನೆಯದು ನೇರವಾದದ್ದು: “ಸೌಟು ಹಿಡಿಯೋದು ಕಲಿಯೋಕೆ ಸ್ಕೂಲಿಗೆ ಯಾಕೆ ಕಳಿಸಬೇಕು?” ಹೆಣ್ಣುಮಕ್ಕಳ ತಾಯಂದಿರು ಇದನ್ನು ಹೇಳಿದರೆ ಅದರಲ್ಲಿ ನ್ಯಾಯವಿದೆ. ಮನೆಯಲ್ಲಿ ಮಾಡುವ ಕೆಲಸವನ್ನೇ ಶಾಲೆಯಲ್ಲೂ ಅವಳ ತಲೆಗೆ ಕಟ್ಟಿದರೆ ಅದು ಪಾಠವಲ್ಲ. ಅದಕ್ಕೇ ಒಲೆಯ ಮುಂದೆ ಗಂಡುಹುಡುಗರು, ಗಡಿಯಾರ ಮತ್ತು ಟಿಪ್ಪಣಿ ಪುಸ್ತಕದ ಮುಂದೆ ಹೆಣ್ಣುಮಕ್ಕಳು, ಮುಂದಿನ ವಾರ ಅದಲುಬದಲು. ಪಾತ್ರೆ ತೊಳೆಯುವುದು ಎಲ್ಲರೂ.

ಎರಡನೆಯ ವಿರೋಧ ಬೇರೆ ಥರದ್ದು. ಮೊಸರಿನ ಪಾಠಕ್ಕೆ ಎಂಟು ಮನೆಗಳಿಂದ ಎಂಟು ಚಮಚ ಹೆಪ್ಪು ತರಿಸಿದ್ದೆ. ಎಂಟು ಬಟ್ಟಲು, ಒಂದೇ ಹಾಲು. ಕ್ಷೀರಭಾಗ್ಯದ ಪುಡಿಯಲ್ಲ, ಅದಕ್ಕೆ ಲೆಕ್ಕ ಒಪ್ಪಿಸಬೇಕು; ಡೈರಿಯಿಂದ ನನ್ನ ದುಡ್ಡಿನಲ್ಲಿ ತಂದದ್ದು. ಬಟ್ಟಲಿಗೆ ಹೆಸರು ಬರೆಯಲಿಲ್ಲ, ಸಂಖ್ಯೆ ಬರೆದೆವು. ಇನ್ನೊಂದು ಬಟ್ಟಲಲ್ಲಿ ಕೈ ಸುಡುವಷ್ಟು ಬಿಸಿ ಹಾಲಿಗೆ ಹೆಪ್ಪು ಹಾಕಿದ್ದೆವು, ಅದು ಕಟ್ಟಲಿಲ್ಲ, ಸೂಕ್ಷ್ಮಜೀವಿಗಳು ಸತ್ತಿದ್ದವು. ಉಗುರುಬೆಚ್ಚಗಿನ ಎಂಟೂ ಬಟ್ಟಲು ಬೆಳಗಿನ ಹೊತ್ತಿಗೆ ಗಟ್ಟಿಯಾಗಿದ್ದವು. ಯಾವ ಮೊಸರು ಯಾರ ಮನೆಯ ಹೆಪ್ಪಿನದು ಎಂದು ಯಾರೂ ಹೇಳಲಾಗಲಿಲ್ಲ. ಎಂಟರಲ್ಲೂ ಅದೇ ಲ್ಯಾಕ್ಟಿಕ್ ಆಮ್ಲ, ಅದೇ ರೀತಿ ಹಾಲಿನ ಕೇಸೀನ್ ಗಟ್ಟಿಯಾದದ್ದು. ಒಬ್ಬ ತಂದೆ ಮರುದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ಯಾರ್ಯಾರ ಮನೆಯ ಹೆಪ್ಪನ್ನೋ ತನ್ನ ಮಗನ ಮುಂದೆ ಇಟ್ಟಿರಿ ಎಂದರು. ಮಗನಿಗೆ ತಿನ್ನಿಸಿಲ್ಲ, ನೋಡಲು ಇಟ್ಟಿದ್ದು ಎಂದೆ. ಪ್ರಯೋಗಕ್ಕೆ ಇಟ್ಟದ್ದನ್ನು ತಿನ್ನಬಾರದು ಎಂಬುದು ನಮ್ಮ ನಿಯಮ, ಯಾರ ಮನೆಯದಾದರೂ. ಉಪ್ಪು ನೀರಿನ ಹನಿಯಂಥದ್ದಕ್ಕೆ ಅಡುಗೆಯ ಪಾತ್ರೆಯೇ ಬೇರೆ, ಪ್ರಯೋಗದ ಪಾತ್ರೆಯೇ ಬೇರೆ. ಅವರು ಬೇರೇನೂ ಹೇಳದೆ ಹೋದರು. ಮುಂದಿನ ವಾರ ಹುಡುಗ ಬಂದ. ತಂದೆಗೆ ನನ್ನ ಉತ್ತರ ಒಪ್ಪಿಗೆಯಾಯಿತೇ, ಗೊತ್ತಿಲ್ಲ. ಹುಡುಗ ಈಗ ಈ ಶಾಮಿಯಾನದಲ್ಲೇ ಕುಳಿತಿದ್ದಾನೆ, ಎಲ್ಲಿ ಎಂದು ನಾನು ತೋರಿಸುವುದಿಲ್ಲ.

ಶಿಕ್ಷಕ ಮಿತ್ರರು ಕೇಳುವ ಪ್ರಶ್ನೆಯೂ ಒಂದಿದೆ: ಇದಕ್ಕೆ ಪರೀಕ್ಷೆಯಲ್ಲಿ ಅಂಕ ಎಲ್ಲಿದೆ? ತಟಸ್ಥೀಕರಣಕ್ಕೆ ಉದಾಹರಣೆ ಕೊಡಿ ಎಂದರೆ ನಮ್ಮ ಮಕ್ಕಳು ಪುಸ್ತಕದ ಉದಾಹರಣೆಯನ್ನೂ ಬರೆಯುತ್ತಿದ್ದರು, ಆರತಿ ನೀರನ್ನೂ ಬರೆಯುತ್ತಿದ್ದರು. ಆದರೆ ಅಡುಗೆಮನೆಯಿಂದ ರಸಾಯನಶಾಸ್ತ್ರವನ್ನೆಲ್ಲ ಕಲಿಸಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪರಮಾಣುವಿನ ರಚನೆ, ವೇಲೆನ್ಸಿ, ಸಮೀಕರಣ ಸರಿದೂಗಿಸುವುದು ಹುಳಿಯ ಪಾತ್ರೆಯಲ್ಲಿ ಕಾಣುವುದಿಲ್ಲ. ಅದಕ್ಕೆ ಬೋರ್ಡು, ಸೀಮೆಸುಣ್ಣ, ತಾಳ್ಮೆಯೇ ಬೇಕು. ಅರಿಶಿನ ಕ್ಷಾರ ಇದೆ ಎನ್ನುತ್ತದೆ, ಎಷ್ಟು ಇದೆ ಎನ್ನುವುದಿಲ್ಲ. ಅಡುಗೆಯಲ್ಲಿ ಹತ್ತು ಕ್ರಿಯೆ ಒಟ್ಟಿಗೆ ನಡೆಯುತ್ತವೆ, ಒಂದನ್ನು ಬೇರ್ಪಡಿಸಿ ನೋಡುವುದು ಕಷ್ಟ. ಹಾಗೆಯೇ ಬೆಂಕಿ ಬೆಂಕಿಯೇ. ಜಡೆ ಕಟ್ಟಬೇಕು, ದುಪಟ್ಟಾ ತೆಗೆದಿಡಬೇಕು, ಒಲೆಯ ಹತ್ತಿರ ಒಮ್ಮೆಗೆ ಇಬ್ಬರೇ, ಪಕ್ಕದಲ್ಲಿ ದೊಡ್ಡವರೊಬ್ಬರು.

ಈಗ ಮಹೋತ್ಸವ ಸಮಿತಿಯವರಿಗೆ. ಹಳೆಯ ವಿದ್ಯಾರ್ಥಿಗಳು ಕೂಡಿಸಿದ ಹಣದಲ್ಲಿ ಶಾಲೆಯ ಮುಂದೆ ಸ್ವಾಗತ ಕಮಾನು ಕಟ್ಟುವ ಮಾತು ನಡೆದಿದೆ ಎಂದು ಕೇಳಿದೆ. ಕಮಾನು ಚೆನ್ನಾಗಿರುತ್ತದೆ, ಫೋಟೋಕ್ಕೂ ಬರುತ್ತದೆ. ನನ್ನ ಬೇಡಿಕೆ ಬೇರೆ. ನಮ್ಮ ಶಾಲೆಯ ಛಾವಣಿಯಲ್ಲಿ ನೂರು ಚದರ ಮೀಟರ್ ತೆಗೆದುಕೊಳ್ಳಿ. ವರ್ಷಕ್ಕೆ 500 ಮಿಲಿಮೀಟರ್ ಮಳೆ ಬಿದ್ದರೆ ಅದರ ಮೇಲೆ ಬೀಳುವುದು 50,000 ಲೀಟರ್. ಮೊದಲ ಮಳೆಯನ್ನು ಹರಿಯಬಿಟ್ಟು, ಸೋರಿ ಆರಿ ಹೋದದ್ದು ಐದರಲ್ಲೊಂದು ಪಾಲು ಎಂದುಕೊಂಡರೂ 40,000 ಉಳಿಯುತ್ತದೆ. 160 ಮಕ್ಕಳ ಅಡುಗೆಗೆ ತಲೆಗೊಂದು ಲೀಟರಿನಂತೆ 220 ದಿನಕ್ಕೆ ಬೇಕಾದದ್ದು 35,200 ಲೀಟರ್. ಮಳೆನೀರಿನಲ್ಲಿ ಫ್ಲೋರೈಡ್ ತೊಂದರೆ ಇಲ್ಲ, ಬೇಳೆಯೂ ಬೇಯುತ್ತದೆ, ಸಿಲಿಂಡರೂ ಉಳಿಯುತ್ತದೆ. ತೊಟ್ಟಿ ಎಷ್ಟು ದೊಡ್ಡದಿರಬೇಕು, ಯಾವ ತಿಂಗಳು ಎಷ್ಟು ತುಂಬುತ್ತದೆ ಎಂಬ ಲೆಕ್ಕವನ್ನು ಎಂಟನೆಯ ತರಗತಿಗೆ ಕೊಡಿ, ಮಾಡುತ್ತಾರೆ.

ತೊಟ್ಟಿಯ ಪಕ್ಕದಲ್ಲಿ ಅಡುಗೆಮನೆಗೆ ಅಂಟಿಕೊಂಡಂತೆ ಒಂದು ಸಣ್ಣ ಕೋಣೆ. ಒಂದು ನಲ್ಲಿ, ಒಂದು ತೊಳೆಯುವ ತೊಟ್ಟಿ, ಎರಡು ಉರಿಯ ಒಲೆ, ತಕ್ಕಡಿ, ಅರ್ಧ ಡಜನ್ ಥರ್ಮಾಮೀಟರ್, ಮಕ್ಕಳ ಎತ್ತರಕ್ಕೆ ಒಂದು ಕಡಪಾ ಕಲ್ಲಿನ ಕಟ್ಟೆ. ವರ್ಷಕ್ಕೊಮ್ಮೆ ಊರಿನ ಎಲ್ಲ ಬೋರ್‌ವೆಲ್‌ಗಳ ನೀರನ್ನು ಬಾಟಲಿ ತುಂಬಿ ಪರೀಕ್ಷೆಗೆ ಕಳಿಸುವ ಜವಾಬ್ದಾರಿ ಆ ಕೋಣೆಯದು. ವರದಿ ಬಂದಾಗ ಪಂಚಾಯಿತಿಯ ಗೋಡೆಯ ಮೇಲೆ ಮಕ್ಕಳೇ ಬರೆಯಲಿ. ಪಾಠ ಹೇಳಲು ವಾರಕ್ಕೊಂದು ದಿನ ನಾನು ಬರುತ್ತೇನೆ, ಬಸ್ ಚಾರ್ಜು ಬೇಡ. ದೊಡ್ಡಮ್ಮನವರೂ ಬರುತ್ತೇನೆ ಎಂದಿದ್ದಾರೆ, ಅವರಿಗೆ ಮಾತ್ರ ಗೌರವಧನ ಕೊಡಬೇಕು. ಕೋಣೆಯ ಬೀಗದ ಕೈ ಬೀರುವಿನೊಳಗೆ ಬೇಡ, ಎಂಟನೆಯ ತರಗತಿಯ ಲೀಡರ್ ಹತ್ತಿರ ಇರಲಿ.

ಊಟದ ಹೊತ್ತಾಯಿತು.